ಬೋರ್ಡಿಲ್ಲದ ಶಾಲೆಗೆ ವರ್ಷಕ್ಕೆ 48 ಸಾವಿರ

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳು ಆಡುತ್ತಾ ಕಲಿಯುವ ಈ ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಗೇಟಿನ ಮೇಲೆ ಬೋರ್ಡೇ ಇಲ್ಲ. ನಡೆಸುವ ಇಬ್ಬರೂ ದಯವಿಟ್ಟು ನೆಟ್‌ನಲ್ಲಿ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಇರುವುದೇ 18 ಮಕ್ಕಳಿಗೆ ಜಾಗ, ದಿನಾ ನಾಲ್ಕು ಜನ ಬಂದು ಇಣುಕಿ ಹೋದರೆ ನಮ್ಮ ಮಕ್ಕಳು ಝೂನಲ್ಲಿ ಇದ್ದಹಾಗೆ ಆಗುತ್ತಾರೆ ಅನ್ನುವುದು ಅವರ ಮಾತು. ಮೈಸೂರಿನ ಬೋಗಾದಿ ದಾಟಿ ಹೋದರೆ ಒಂದು ಮಣ್ಣಿನ ದಾರಿ, ಹಳೇ ಹೆಂಚಿನ ಮನೆ, ಅಂಗಳದಲ್ಲಿ ದೊಡ್ಡ ನೇರಳೆ ಮರ. ಅಷ್ಟು ಹೇಳಿದರೆ ಆ ಕಡೆಯವರಿಗೆ ಗೊತ್ತಾಗುತ್ತದೆ.

ಆದರೂ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮಗಳನ್ನು ಸ್ಕೂಲ್ ಬಿಡಿಸಿ ಇಲ್ಲಿಗೆ ಹಾಕಿದ್ದೇವೆ ಎಂದು ಗೊತ್ತಾದಾಗಿನಿಂದ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ಫೋನ್ ಮಾಡಿ ಅದೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ಫೀಸ್ ಎಷ್ಟು? ಬರೆಯೋಕೆ ಬರುತ್ತಾ? ಮುಂದೆ ಯಾವುದಾದರೂ ಸ್ಕೂಲಿನವರು ಸೇರಿಸಿಕೊಳ್ತಾರಾ? ನಿಮ್ಮತ್ತೆ ಏನಂದ್ರು? ಒಂದೂವರೆ ವರ್ಷ ಆಯಿತು. ಈಗ ನಾಲ್ಕಕ್ಕೂ ಉತ್ತರ ಇದೆ, ಎಲ್ಲವೂ ಚೆನ್ನಾಗಿವೆ ಅಂತಲ್ಲ.

ಮೊದಲು ಹಳೇ ಸ್ಕೂಲಿನ ವಿಷಯ. ಹೆಸರು ಬೇಡ, ಮೈಸೂರಿನಲ್ಲಿ ಅಂಥವು ಬೀದಿಗೊಂದು ಇವೆ. ಮಗಳಿಗೆ ಆಗ ನಾಲ್ಕೂವರೆ. ಎಲ್‌ಕೆಜಿಯಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ಬರೆಸುತ್ತಿದ್ದರು, ಜೊತೆಗೆ 1ರಿಂದ 100. ಇವಳು ಬಿ ಅನ್ನು ಡಿ ಥರ ಬರೆಯುವುದು, ಅವರು ಅಳಿಸಿ ಬರಿ ಅನ್ನುವುದು. ಒಂದು ದಿನ ಬ್ಯಾಗಿನಿಂದ ಪುಸ್ತಕ ತೆಗೆದು ನೋಡಿದರೆ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಪುಟದ ನಡುವೆ ಬೆರಳು ತೂರುವಷ್ಟು ತೂತು. ಅದರ ಪಕ್ಕದಲ್ಲೇ ಕೆಂಪು ಇಂಕಿನಲ್ಲಿ 'ನೀಟಾಗಿ ಬರೆಯಬೇಕು' ಎಂದು ಟೀಚರ್ ಬರೆದಿದ್ದರು. ತೂತಿನ ಪಕ್ಕ! ಆಮೇಲೆ ದಿನಾ ಬೆಳಗ್ಗೆ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಅಲ್ಲಿ ಕಟ್ಟುತ್ತಿದ್ದ ಫೀಸು ವರ್ಷಕ್ಕೆ 72 ಸಾವಿರ, ವ್ಯಾನಿಂದು ಬೇರೆ.

ಈ ಮನೆಗೆ ಮೊದಲ ಸಲ ಹೋಗಿದ್ದು ಜನವರಿಯಲ್ಲಿ, ಅವರೆಕಾಯಿ ಕಾಲ. ಇಂಟರ್‌ವ್ಯೂ ಇರುತ್ತೇನೋ ಎಂದು ನಾನು ಸುಮ್ನೆ ಮನೆಯಲ್ಲಿ ನಾಲ್ಕು ರೈಮ್ಸ್ ಹೇಳಿಸಿಕೊಂಡು ಹೋಗಿದ್ದೆ. ಅಲ್ಲಿದ್ದ ಅಕ್ಕ ಹೆಸರನ್ನೂ ಕೇಳಲಿಲ್ಲ. ಜಗಲಿಯಲ್ಲಿ ಆರೇಳು ಮಕ್ಕಳು ಒಂದು ಮೊರದ ಸುತ್ತ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಇವಳ ಕೈಗೂ ಒಂದು ಹಿಡಿ ಕೊಟ್ಟರು ಅಷ್ಟೇ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಪಕ್ಕದ ಹುಡುಗನಿಗೆ ಹೇಳುತ್ತಿದ್ದಾಳೆ: 'ನಂದ್ರಲ್ಲಿ ನಾಲ್ಕು, ನಿಂದ್ರಲ್ಲಿ ಮೂರು, ಒಂದು ಹುಳ.' ಹುಳ ಸೇರಿಸಿದರೆ ಸಮ ಆಗುತ್ತಾ ಎಂದು ಇಬ್ಬರಿಗೂ ಜಗಳ. ನಾವು ವಾಪಸ್ ಹೊರಟಾಗ ಅವಳು ಬರಲು ಒಪ್ಪಲಿಲ್ಲ. ಜೂನ್‌ನಲ್ಲಿ ಸೇರಿಸಿದೆವು, ಆಗ ಅವಳಿಗೆ 5 ತುಂಬಿತ್ತು.

ಸಮಯ ಬೆಳಗ್ಗೆ 9:30ರಿಂದ 1 ಗಂಟೆ. 3 ವರ್ಷದಿಂದ 9 ವರ್ಷದವರೆಗಿನ ಮಕ್ಕಳು ಎಲ್ಲ ಒಟ್ಟಿಗೇ. ನೋಡಿಕೊಳ್ಳಲು ಇಬ್ಬರು ಅಕ್ಕಂದಿರು, ಅಡುಗೆಗೆ ಒಬ್ಬರು ಅಜ್ಜಿ. ಫೀಸು ವರ್ಷಕ್ಕೆ 48 ಸಾವಿರ, ಮೂರು ಕಂತು. ಯೂನಿಫಾರಂ, ಶೂ, ಪುಸ್ತಕ, ಹೋಂವರ್ಕ್ ಯಾವುದೂ ಇಲ್ಲ. ಮಧ್ಯ ಬಿಟ್ಟರೆ ಕಟ್ಟಿದ ಕಂತು ವಾಪಸ್ ಇಲ್ಲ, ಅದನ್ನು ಮೊದಲೇ ಹೇಳುತ್ತಾರೆ.

ಒಂದು ವಿಷಯಕ್ಕೆ ಇವರನ್ನು ಮೆಚ್ಚಬೇಕು. 'ಇದು ಮಾಂಟೆಸರಿನಾ?' ಎಂದು ನನ್ನವರು ಕೇಳಿದಾಗ, ಅಲ್ಲ ಎಂದರು. ಮರಳು ಕಾಗದದ ಅಕ್ಷರ, ಗುಲಾಬಿ ಬಣ್ಣದ ಮರದ ಗೋಪುರ ಇಲ್ಲೂ ಇವೆ. ಆದರೆ ಅವನ್ನು ಇಟ್ಟುಕೊಂಡ ಮಾತ್ರಕ್ಕೆ ಮಾಂಟೆಸರಿ ಆಗುವುದಿಲ್ಲ, ಅದಕ್ಕೆ ಬೇರೆ ತರಬೇತಿ ಬೇಕು, ನಾವಿಬ್ಬರೂ ಮಾಡಿಲ್ಲ ಎಂದರು. ಇಷ್ಟು ನೇರವಾಗಿ ಹೇಳುವವರು ಕಡಿಮೆ. ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು, ಕೇಳುವವರಿಲ್ಲ. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಬಡವರ ಮಕ್ಕಳಿಗಾಗಿ 'ಮಕ್ಕಳ ಮನೆ' ಎಂಬ ತನ್ನ ಮೊದಲ ಶಾಲೆ ತೆರೆದವರು. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ಕಾಲದಲ್ಲಿ ಕೊಡೈಕೆನಾಲ್‌ನಲ್ಲಿ ಇದ್ದು ನಮ್ಮವರಿಗೇ ಪಾಠ ಹೇಳಿಕೊಟ್ಟವರು. ಅವರ ಹೆಸರಿನಲ್ಲಿ ಈಗ ನಾಲ್ಕು ಗೆರೆ ಪುಸ್ತಕ ಬರೆಸುತ್ತಾರೆ, ನನ್ನ ಮಗಳ ಹಳೇ ಸ್ಕೂಲಿನ ಬೋರ್ಡಿನಲ್ಲೂ ಆ ಹೆಸರಿತ್ತು.

ಆಟ ಆಡಿಸಿದರೆ ಕಲಿಯುತ್ತಾರೆ ಅನ್ನುವುದನ್ನು ನಾನು ಪೂರ್ತಿ ನಂಬಿರಲಿಲ್ಲ. ನನ್ನ ಕೆಲಸ ಲೆಕ್ಕಪತ್ರದ್ದು, ಮನೆಯಿಂದಲೇ ಮೂರು ನಾಲ್ಕು ಅಂಗಡಿಗಳ ಜಿಎಸ್‌ಟಿ ನೋಡಿಕೊಳ್ಳುತ್ತೇನೆ, ಕಣ್ಣಿಗೆ ಅಂಕಿ ಕಾಣದಿದ್ದರೆ ಸಮಾಧಾನ ಇಲ್ಲ. ನಂಬಿಕೆ ಬಂದಿದ್ದು ಚೌಕಾಬಾರದಿಂದ. ಅಲ್ಲಿನ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದಿರುತ್ತಾರೆ. ಕವಡೆ ಇಲ್ಲ, ಹುಣಸೆಬೀಜ. ಬೀಜದ ಒಂದು ಕಡೆಯನ್ನು ಕಲ್ಲಿನ ಮೇಲೆ ಉಜ್ಜಿ ಬಿಳಿ ಮಾಡಬೇಕು, ಅದೂ ಮಕ್ಕಳದೇ ಕೆಲಸ. ಉಜ್ಜಿದಾಗ ಬೀಜ ಸುಡುತ್ತದಲ್ಲ, ಅದನ್ನು ಪಕ್ಕದವರ ತೋಳಿಗೆ ಮುಟ್ಟಿಸಿ ಕಿರುಚಿಸುವುದು, ನಾವೂ ಮಾಡಿದ್ದೇ. ನಾಲ್ಕು ಬೀಜ ಹಾಕಿದಾಗ ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಒಂದು ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಆಟ ಮುಗಿದಿರಲಿಲ್ಲ, ಗೋಡೆಗೆ ಒರಗಿ ನಿಂತು ನೋಡಿದೆ. ಮಗಳು ಬೀಜ ಕೈಯಲ್ಲಿ ಅಲುಗಿಸುತ್ತಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: 'ಮೂರು ಬಿದ್ರೆ ಅವನ ಕಾಯಿ ಹೊಡೀಬಹುದು, ಎರಡು ಬಿದ್ರೆ ಗೀಟಿನ ಮನೇಲಿ ಸೇಫಾಗಿ ಕೂರಬಹುದು, ಒಂದು ಬಿದ್ರೆ ಅವನೇ ನನ್ನ ಹೊಡೀತಾನೆ, ಚೌಕ ಬಿದ್ರೆ ದಾಟಿ ಹೋಗ್ತೀನಿ.' ನಾಲ್ಕು ಲೆಕ್ಕ ಒಂದೇ ಉಸಿರಿಗೆ. ಹಳೇ ಸ್ಕೂಲಿನಲ್ಲಿ 1ರಿಂದ 100 ಬರೆಯುತ್ತಿದ್ದವಳಿಗೆ 7ರ ಹಿಂದೆ ಯಾವುದು ಎಂದು ಕೇಳಿದರೆ ಮತ್ತೆ ಒಂದರಿಂದ ಶುರು ಮಾಡಬೇಕಿತ್ತು. ಈ ಊರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೇ ಮಣೆಯಾಟಗಳ ಹುಚ್ಚು ಇತ್ತು, ಹೊಸ ಆಟಗಳನ್ನೇ ಕಟ್ಟಿದವರು ಅವರು. ಮೈಸೂರಿನವರು ಚೌಕಾಬಾರ ಆಡಿಸಲು ದುಡ್ಡು ಕೊಡುವ ಕಾಲ ಬಂತಲ್ಲ ಎಂದು ನನ್ನವರು ನಗುತ್ತಾರೆ.

ಈಗ ಕೇಳಿಸಿಕೊಳ್ಳಬೇಕಾದ ಮಾತು. ತಿಂಗಳಿಗೆ ಎರಡು ಶನಿವಾರ ಅಪ್ಪನೋ ಅಮ್ಮನೋ ಹೋಗಿ ಮಕ್ಕಳಿಗೆ ಏನಾದರೂ ಮಾಡಿಸಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ. ನಾನು ಅಂಗಡಿ ಆಟ ಆಡಿಸಿದೆ: ನಿಜವಾದ ಚಿಲ್ಲರೆ, ತಕ್ಕಡಿ, ಕಾಲು ಕೆಜಿ ಅರ್ಧ ಕೆಜಿ ಬಟ್ಟು, ಕಡಲೇಕಾಯಿ, ಬದನೆಕಾಯಿ. ಏಳು ವರ್ಷದ ಒಬ್ಬ ಹುಡುಗ ಸರಿಯಾಗಿ ತೂಕ ಮಾಡಿ ಕೊಟ್ಟ ಮೇಲೂ ಹೋಗಲಿಲ್ಲ, ಕೈ ಚಾಚಿಕೊಂಡೇ ನಿಂತ. ಏನು ಬೇಕಪ್ಪಾ ಅಂದರೆ 'ಕೊಸರು ಕೊಡಿ ಆಂಟಿ' ಅಂದ. ಅವನ ಅಜ್ಜಿ ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಾರಂತೆ. ಆ ದಿನ ನನಗೇ ಮಜಾ ಬಂತು. ಆದರೆ ತಿಂಗಳ 20ನೇ ತಾರೀಕಿನ ಸುತ್ತಮುತ್ತ, ರಿಟರ್ನ್ ಹಾಕುವ ಗಡಿಬಿಡಿಯಲ್ಲಿ ಶನಿವಾರ ಬಂದರೆ ಮಜಾ ಏನೂ ಇರುವುದಿಲ್ಲ. ನನ್ನವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು, ಅವರು ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಹೋಗಿರಬಹುದು. ದಿನಾ 9:30ಕ್ಕೆ ಬಿಟ್ಟು 1 ಗಂಟೆಗೆ ಕರೆದುಕೊಂಡು ಬರುವುದೂ ನಾನೇ. ಕುವೆಂಪುನಗರದಿಂದ ಹೋಗಿ ಬಂದು ಮತ್ತೆ ಹೋಗಿ ಬರುವಷ್ಟರಲ್ಲಿ ನಡುವೆ ಸಿಗುವುದು ಎರಡೂವರೆ ಗಂಟೆ. ಇಬ್ಬರೂ ಆಫೀಸಿಗೆ ಹೋಗುವ ಮನೆಗೆ ಇದು ಆಗುವ ಮಾತಲ್ಲ. 48 ಸಾವಿರದ ಮೇಲೆ ಒಬ್ಬರ ಅರ್ಧ ಸಂಬಳವನ್ನೂ ಫೀಸಿಗೆ ಸೇರಿಸಿ ನೋಡಿ, ಆಗ ಗೊತ್ತಾಗುತ್ತದೆ ಇದರ ನಿಜವಾದ ಬೆಲೆ.

ಜಗಳವೂ ಆಗಿದೆ. ಅಲ್ಲಿ ಮಕ್ಕಳಿಗೆ ನಿಜವಾದ ಸುತ್ತಿಗೆ, ಚಿಕ್ಕ ಗರಗಸ ಎಲ್ಲ ಕೊಡುತ್ತಾರೆ, ಅಕ್ಕ ಪಕ್ಕದಲ್ಲಿರುತ್ತಾರೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಹಕ್ಕಿಗೆ ಮನೆ ಮಾಡುತ್ತೇವೆ ಎಂದು ಹಲಗೆ ಕುಯ್ಯುವಾಗ ಮಗಳ ಎಡಗೈ ಹೆಬ್ಬೆರಳಿಗೆ ಗಾಯ ಆಯಿತು. ದೊಡ್ಡದಲ್ಲ, ಹೊಲಿಗೆ ಬೀಳಲಿಲ್ಲ. ತೊಳೆದು ಬ್ಯಾಂಡೇಜ್ ಹಾಕಿದ್ದರು. ಆದರೆ ನನಗೆ ಫೋನ್ ಮಾಡಿರಲಿಲ್ಲ! 1 ಗಂಟೆಗೆ ಹೋದಾಗ ಬೆರಳು ನೋಡಿ ಎದೆ ಧಸಕ್ ಅಂತು. ಗಾಯಕ್ಕೆ ನನಗೆ ಕೋಪ ಇಲ್ಲ, ಆಡುವ ಮಕ್ಕಳಿಗೆ ಆಗುತ್ತದೆ, ತಿಳಿಸಲಿಲ್ಲ ಅಂತ ಕೋಪ. ಗಟ್ಟಿಯಾಗೇ ಹೇಳಿದೆ. ಅಕ್ಕ ತಪ್ಪು ಒಪ್ಪಿಕೊಂಡರು, ಈಗ ಸಣ್ಣ ತರಚು ಗಾಯಕ್ಕೂ ಮೆಸೇಜ್ ಬರುತ್ತದೆ, ಸ್ವಲ್ಪ ಜಾಸ್ತಿಯೇ ಬರುತ್ತದೆ. ಉಳಿದವು ಚಿಲ್ಲರೆ ದೂರುಗಳು. ಮಳೆ ಬಂದರೆ ಆ ದಾರಿಯಲ್ಲಿ ಸ್ಕೂಟರ್ ಜಾರುತ್ತದೆ. ಟಾಯ್ಲೆಟ್ ಒಂದೇ. ಒಮ್ಮೆ ಝೂಗೆ ಕರೆದುಕೊಂಡು ಹೋಗಿದ್ದಾರೆ, ಮಂಗಳವಾರ! ಮಂಗಳವಾರ ಝೂ ರಜ ಅನ್ನುವುದು ಮೈಸೂರಿನಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಎಲ್ಲರೂ ಗೇಟಿನ ಮುಂದೆ ಕಡಲೇಕಾಯಿ ತಿಂದು ವಾಪಸ್ ಬಂದರು, ಮಕ್ಕಳು ಇವತ್ತಿಗೂ ಅದನ್ನೇ ಒಳ್ಳೇ ಟ್ರಿಪ್ ಅನ್ನುತ್ತಾರೆ.

ದೊಡ್ಡ ದೂರು ಓದಿನ ವಿಷಯದ್ದು. ಕಥೆ ಹೇಳುತ್ತಾರೆ, ಹಾಡುತ್ತಾರೆ, ನಾಟಕ ಆಡಿಸುತ್ತಾರೆ, ಮಾತು ಚೆನ್ನಾಗಿ ಬಂದಿದೆ. ಅಕ್ಷರ ಯಾವಾಗ ಎಂದರೆ 'ಅವಳು ಕೇಳಿದಾಗ' ಎನ್ನುತ್ತಾರೆ. ಆರು ವರ್ಷ ತುಂಬಿತು, ಅವಳು ಕೇಳಲಿಲ್ಲ. ಅವಳ ವಯಸ್ಸಿನ ನಮ್ಮ ಪಕ್ಕದ ಮನೆ ಹುಡುಗಿ ಬಸ್ಸಿನ ಬೋರ್ಡ್ ಓದುತ್ತಾಳೆ. ನನ್ನ ಅತ್ತೆ ಅಲ್ಲಿಯವರೆಗೆ ಏನೂ ಅಂದಿರಲಿಲ್ಲ. ಒಂದು ದಿನ ದೇವರ ಮನೆಯಿಂದಲೇ, ನನಗೆ ಕೇಳಲಿ ಅಂತ, 'ಕೃಷ್ಣಾ, ಈ ಮಗು ಹೆಬ್ಬೆಟ್ಟು ಒತ್ತುವ ಹಾಗೆ ಮಾಡಬೇಡಪ್ಪಾ' ಅಂದರು. ಆಟೋದವರದು ಬೇರೆ ಕಥೆ. ಬೆಳಗ್ಗೆ 11ಕ್ಕೆ ಮಗು ಜೊತೆ ಹತ್ತಿದರೆ 'ಯಾಕ್ ಮೇಡಂ, ಇವತ್ತು ರಜಾನಾ?' ಪ್ರತಿ ಸಲ.

ಆಗ ಬಂದವರು ನನ್ನ ಚಿಕ್ಕಮ್ಮ. ಎಚ್.ಡಿ. ಕೋಟೆ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಒಂದು ಶನಿವಾರ ಅವರನ್ನೂ ಕರೆದುಕೊಂಡು ಹೋದೆ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತಿದ್ದು, ಬರೆದ ಚಿತ್ರಗಳನ್ನು ದಾರಕ್ಕೆ ನೇತುಹಾಕಿದ್ದು, ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಕಪ್ಪು ಬಳಿದಿದ್ದು, ಎಲ್ಲ ನೋಡಿದರು. ಎಷ್ಟು ಕೊಡ್ತೀಯಾ ಅಂದರು. ಹೇಳಿದೆ. 'ಇದು ನಲಿ ಕಲಿ ಅಲ್ವೇನೇ! ನಾವು ಕೋಟೆಯಲ್ಲಿ ಇದನ್ನೇ ಮಾಡಿದ್ದು ಕಣೇ, ಪುಗಸಟ್ಟೆ.'

ನಿಜ. ನಲಿ ಕಲಿ ಶುರುವಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದುದನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಬಂತು. ಮೂರು ತರಗತಿಯ ಮಕ್ಕಳು ಒಟ್ಟಿಗೆ, ಪಾಠದ ಬದಲು ಕಾರ್ಡು, ತಟ್ಟೆ ಎಂದು ಕರೆಯುವ ಗುಂಪುಗಳು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಿಕೊಂಡು ಹೋಗುವುದು, ಮೇಲೆ ಚಪ್ಪರ ಕಟ್ಟಿ ಮಕ್ಕಳ ಕೆಲಸ ನೇತುಹಾಕುವುದು. ನಾನು ಅದೇ ಜಿಲ್ಲೆಯಲ್ಲಿ ಹುಟ್ಟಿ, ಟೀಚರ್ ಚಿಕ್ಕಮ್ಮನನ್ನು ಇಟ್ಟುಕೊಂಡು, ಆಟದಿಂದ ಕಲಿಕೆ ಅಂದರೆ ಏನು ಎಂದು ಫೋನಿನಲ್ಲಿ ಹುಡುಕುತ್ತಿದ್ದೆ.

ಚಿಕ್ಕಮ್ಮ ಹತ್ತು ದಿನ ನಮ್ಮ ಮನೆಯಲ್ಲೇ ಉಳಿದರು. ಅ ಆ ಇ ಈ ಇಂದ ಶುರು ಮಾಡಲಿಲ್ಲ. ನಲಿ ಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ಕೈಗೆ ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ, ಮತ್ತೆ ಇಷ್ಟರಲ್ಲೇ ಪದ ಸಿಗುತ್ತವೆ. ಹಳೇ ಲಗ್ನಪತ್ರಿಕೆ ಕತ್ತರಿಸಿ ಐದು ಕಾರ್ಡು ಮಾಡಿದರು. ಸರ. ದರ. ಅಗಸ. ಅರಸ. ನಾಲ್ಕನೇ ದಿನವೋ ಐದನೇ ದಿನವೋ ಅಡುಗೆಮನೆ ನೆಲದ ಮೇಲೆ ನಾಲ್ಕು ಕಾರ್ಡು ಜೋಡಿಸಿ ಸುಮ್ಮನೆ ಕೂತರು. ಐದು ಅಕ್ಷರದಲ್ಲಿ ಒಂದೊಂದೇ ಕಾರ್ಡು ಮಾಡಿದ್ದರಿಂದ ಗ ಎರಡನೇ ಸಲ ಬೇಕಾಗಿ, ಅಲ್ಲೇ ಇದ್ದ ಕರೆಂಟ್ ಬಿಲ್ಲಿನ ಹಿಂದೆ ಬರೆದಿದ್ದರು. ಮಗಳು ಬೆರಳಿಟ್ಟು ಓದಿದಳು. ಗ... ರ... ಗ... ಸ. ಒಂದು ಕ್ಷಣ ನಿಂತಳು. ಆಮೇಲೆ ಎಡಗೈ ಹೆಬ್ಬೆರಳು ಎತ್ತಿ, ಆ ಗಾಯದ ಗುರುತು ತೋರಿಸಿ, 'ಇದು ಮಾಡಿದ್ದಾ?' ಅಂದಳು. ಚಿಕ್ಕಮ್ಮನಿಗೆ ಗಾಯದ ಕಥೆ ಗೊತ್ತಿರಲಿಲ್ಲ, ನನ್ನ ಮುಖ ನೋಡಿದರು. ನಾನು ಒಗ್ಗರಣೆ ಸೀಯಿಸಿದೆ.

ಆಮೇಲೆ ಜ ವ ಮ ಬ ನ ಬಂತು, ಮರ, ವನ, ದನ, ಜನ ಎಲ್ಲ ಬಂದವು. ಈಗ ನಿಧಾನಕ್ಕೆ ಓದುತ್ತಾಳೆ, ಒತ್ತಕ್ಷರ ಬಂದರೆ ಹಾರಿಸುತ್ತಾಳೆ. ಇದನ್ನು ಅಲ್ಲಿಯ ಅಕ್ಕನಿಗೂ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಆ ಕಾರ್ಡು ನಮಗೂ ಮಾಡಿಕೊಡಿ ಅಂದರು. ಹಾಗಂತ ಅಂಕ ಕಡಿಮೆ ಮಾಡದೆ ಬಿಡುವುದಿಲ್ಲ: ಆಟಕ್ಕೆ, ಲೆಕ್ಕಕ್ಕೆ, ಧೈರ್ಯಕ್ಕೆ 5ಕ್ಕೆ 5, ಓದಿಗೆ 2.

ಚಿಕ್ಕಮ್ಮ ಹೊರಡುವ ಮುಂಚೆ ಇನ್ನೊಂದು ಕೇಳಿದರು: ನಿಮ್ಮ ಬೀದಿ ಕೊನೆಯಲ್ಲಿರೋ ಸರ್ಕಾರಿ ಶಾಲೆ ಒಳಗೆ ಒಂದು ದಿನ ಆದರೂ ಹೋಗಿದ್ದೀಯಾ? ಹೋಗಿರಲಿಲ್ಲ. ಹೋದೆ. 26 ಮಕ್ಕಳು, ಒಬ್ಬರೇ ಮೇಡಂ, ಮೂರು ತರಗತಿ. ಮೇಡಂ ಒಳ್ಳೆಯವರು, ಮಕ್ಕಳು ಓದುತ್ತಿದ್ದರು, ನನ್ನ ಮಗಳಿಗಿಂತ ಚೆನ್ನಾಗಿ. ಕಾರ್ಡುಗಳ ಅಂಚು ಹರಿದಿತ್ತು. ನಾನಿದ್ದ ಅರ್ಧ ಗಂಟೆಯಲ್ಲಿ ಮೂರು ಸಲ ಯಾವುದೋ ಮಾಹಿತಿ ಕೇಳಿ ಅವರಿಗೆ ಫೋನ್ ಬಂತು. 18 ಮಕ್ಕಳಿಗೆ ಇಬ್ಬರು ಅಕ್ಕಂದಿರು ಕೊಡುವ ಗಮನವನ್ನು ಅವರಿಂದ ಕೇಳುವುದು ಅನ್ಯಾಯ. ನಾವು ಕೊಡುವ ದುಡ್ಡು ಆ ಗಮನಕ್ಕೆ, ವಿಧಾನಕ್ಕಲ್ಲ. ಇದು ಗೊತ್ತಾದ ಮೇಲೆ ನನಗೆ ಸ್ವಲ್ಪ ಮುಜುಗರ ಆಗಿದ್ದು ನಿಜ, ಆದರೂ ಮುಂದಿನ ಕಂತು ಕಟ್ಟಿದೆ.

ಇನ್ನು ಮೂರನೇ ಪ್ರಶ್ನೆ, ಮುಂದೇನು. ಟಿ.ಸಿ. ಕೊಡ್ತೀರಾ ಎಂದು ಮೊದಲ ದಿನವೇ ಕೇಳಿದ್ದೆ, ಇಲ್ಲ ಎಂದರು. ಇದು ಮಾನ್ಯತೆ ಇರುವ ಶಾಲೆ ಅಲ್ಲ. ಆರು ವರ್ಷ ದಾಟಿದ ಮಕ್ಕಳೆಲ್ಲ ಲೆಕ್ಕಕ್ಕೆ ಹೋಂಸ್ಕೂಲ್ ಮಕ್ಕಳೇ, ಅಂದರೆ ಜವಾಬ್ದಾರಿ ಪೂರ್ತಿ ನಮ್ಮದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ, ಸೇರಿಸದಿದ್ದರೆ ದಂಡ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಹೋಂಸ್ಕೂಲಿಂಗ್ ಅನ್ನುವ ಮಾತೇ ಅದರಲ್ಲಿ ಇಲ್ಲ, ಮಾಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ನಮಗೆ ಕೆಲಸಕ್ಕೆ ಬರುವುದು 4ನೇ ಸೆಕ್ಷನ್: ಶಾಲೆಗೆ ಹೋಗದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಕಾಗದದಲ್ಲಿ ಹಾಗಿದೆ, ಪ್ರೈವೇಟ್ ಸ್ಕೂಲಿನ ಕೌಂಟರಿನಲ್ಲಿ ಕೂತವರಿಗೆ ಅದನ್ನು ನಾವೇ ಪ್ರಿಂಟ್ ಹಾಕಿಕೊಂಡು ಹೋಗಿ ತೋರಿಸಬೇಕಾಗುತ್ತದೆ. ಶಾಲೆಗೆ ಸೇರಿಸದೇ ಇರುವವರಿಗೆ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಿಂದ. ಮೂರು, ಐದು, ಎಂಟನೇ ತರಗತಿಗೆ ಸಮ ಅನ್ನುವ ಮೂರು ಹಂತ ಅದರಲ್ಲಿವೆ, 14 ತುಂಬಿದ ಮೇಲೆ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಅಲ್ಲಿಯ ಇಬ್ಬರು ದೊಡ್ಡ ಮಕ್ಕಳ ಮನೆಯವರು ಈ ದಾರಿ ಹಿಡಿಯುತ್ತಾರಂತೆ. ನಮಗೆ ಅಷ್ಟು ಧೈರ್ಯ ಇಲ್ಲ. 2020ರ ಹೊಸ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷದವರೆಗೆ ಒಂದೇ ಹಂತ, ಆಟದ ಮೂಲಕವೇ ಕಲಿಯಲಿ ಎನ್ನುತ್ತದೆ. ನಾವೂ 8ರವರೆಗೆ ಇಲ್ಲಿ, ಆಮೇಲೆ ಶಾಲೆ ಎಂದು ಅಂದುಕೊಂಡಿದ್ದೇವೆ. ಅದು ಬೀದಿ ಕೊನೆಯ ಶಾಲೆಯೇ ಆಗಬಹುದು, ಅತ್ತೆ ಈಗಾಗಲೇ ಆ ಮೇಡಂನ ಮಾತಾಡಿಸಿಕೊಂಡು ಬಂದಿದ್ದಾರೆ.

ಮನೆಯಲ್ಲಿ ಒಬ್ಬರಿಗೆ ಬಿಡುವಿದ್ದರೆ, ಓದು ಬರಹದ ಹೊಣೆ ನಿಮ್ಮದೇ ಎಂದು ಒಪ್ಪಿಕೊಂಡರೆ, ಮಗು 8 ವರ್ಷದ ಒಳಗಿದ್ದರೆ ಈ ಥರದ ಜಾಗ ನೋಡಿ. ಬ್ಯಾಂಡೇಜ್ ಹಾಕಿದರೆ ಫೋನ್ ಮಾಡ್ತೀರಾ ಎಂದು ಮೊದಲೇ ಕೇಳಿ. ಸಂಜೆ ಹೋಗಬೇಡಿ, ಆ ಹೊತ್ತಿಗೆ ಬರೀ ಖಾಲಿ ಮನೆ ಮತ್ತು ಒಳ್ಳೇ ಮಾತು ಸಿಗುತ್ತದೆ. ಬೆಳಗ್ಗೆ ಹತ್ತೂವರೆಗೆ ಹೋಗಿ ಒಂದು ಗಂಟೆ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. ಮಗುವಿಗೆ ಹಳೇ ಬಟ್ಟೆ ಹಾಕಿ, ಇನ್ನೊಂದು ಜೊತೆ ಚೀಲದಲ್ಲಿರಲಿ. ನೇರಳೆ ಕಾಲ ಆದರೆ ನಿಮಗೂ ಒಂದು ಜೊತೆ.